ನಾರಂಗದಿಂದ ಆರೆಂಜ್: ನಡುವೆ ‘ನ’ ಎಲ್ಲಿ ಬಿತ್ತು? ಚೀನಾ, ಪೋರ್ಚುಗಲ್ ಎಲ್ಲಿಂದ ಸೇರಿಕೊಂಡವು?

ಪದಗಂಟು
ಯುರೋಪಿನ ಹಣ್ಣುತರಕಾರಿ ಹೆಸರುಗಳದ್ದೊಂದು ಕನ್ನಡ ಪಟ್ಟಿ ತಯಾರಾಗುತ್ತಿದೆ. ‘ಆರೆಂಜ್’ ಸಾಲಿಗೆ ಬಂದು ಗಾಡಿ ನಿಂತುಬಿಟ್ಟಿದೆ. ಸ್ಪ್ಯಾನಿಷ್‌ನಲ್ಲಿ ನರಾಂಹ, ಪೋರ್ಚುಗೀಸ್‌ನಲ್ಲಿ ಲರಾಂಜ಼, ಇಟಾಲಿಯನ್‌ನಲ್ಲಿ ಅರಾಂಚ, ಜರ್ಮನ್‌ನಲ್ಲಿ ಅಪ್‌ಫೆಲ್‌ಜ಼ೀನ, ಡಚ್‌ನಲ್ಲಿ ಸೀನಾಸ್‌ಅಪಲ್, ರಷ್ಯನ್‌ನಲ್ಲಿ ಅಪೆಲ್ಸಿನ್, ಗ್ರೀಕ್‌ನಲ್ಲಿ ಪೊರ್ತೊಕಾಲಿ, ಪೋಲಿಷ್‌ನಲ್ಲಿ ಪೊಮರಾಂಚ. ಮೂರು ಪ್ರಶ್ನೆ:
1. ಇವೆಲ್ಲವೂ ನಮ್ಮ ‘ನಾರಂಗ’ದಿಂದಲೇ ಹೋದವೆ?
2. ಇಂಗ್ಲಿಷಿನಲ್ಲಿ ಮೊದಲು ‘ಎ ನಾರೆಂಜ್’ ಇತ್ತು, ಅದು ‘ಆ್ಯನ್ ಆರೆಂಜ್’ ಆಯಿತು ಅಂತ ಎಲ್ಲ ಕಡೆ ಬರೆದಿದ್ದಾರೆ. ನಿಜವೆ?
3. ಕನ್ನಡದಲ್ಲಿ ಎಲ್ಲದಕ್ಕೂ ‘ಕಿತ್ತಳೆ’ ಅಂದರೆ ಸಾಕೆ?

ನುಡಿಜಾಡು
ಮೊದಲನೆಯದಕ್ಕೆ ಉತ್ತರ: ಇಲ್ಲ. ನಿಮ್ಮ ಪಟ್ಟಿಯಲ್ಲಿ ಕನಿಷ್ಠ ಮೂರು ಮನೆತನ ಒಂದರೊಳಗೊಂದು ಬೆರೆತಿವೆ. ಬೇರ್ಪಡಿಸಬೇಕಾದರೆ ಒಂದು ಸಂಗತಿ ಹಿಡಿದುಕೊಳ್ಳಿ: ಯುರೋಪಿಗೆ ಈ ಹಣ್ಣು ಎರಡು ಸಲ ಬಂತು, ಎರಡು ಸಲವೂ ಬೇರೆ ಹಣ್ಣು.

ಮೊದಲು ಬಂದದ್ದು ಹುಳಿ-ಕಹಿ ಜಾತಿ. ಪರ್ಷಿಯನ್‌ನಲ್ಲಿ ನಾರಂಗ್. ಅರಬ್ಬಿಯಲ್ಲಿ ‘ಗ’ ಇಲ್ಲದ್ದರಿಂದ ನಾರಂಜ್. ಅರಬ್ಬರ ಜೊತೆ 10–11ನೇ ಶತಮಾನದ ಹೊತ್ತಿಗೆ ಸಿಸಿಲಿ, ಸ್ಪೇನ್ ಸೇರಿತು. ಅಲ್ಲಿಂದ ಸ್ಪ್ಯಾನಿಷ್ ನರಾಂಹ, ಪೋರ್ಚುಗೀಸ್ ಲರಾಂಜ಼, ವೆನಿಸ್ ಕಡೆಯ ನರಾಂಜ಼, ಇಟಾಲಿಯನ್ ಅರಾಂಚ, ಕ್ರೊಯೇಷಿಯನ್ ನರಾಂಚ, ಹಂಗೇರಿಯನ್ ನರಂಚ್. ಗ್ರೀಕರ ನೆರಾಂಜಿಯೂ ಇದೇ ಬಳ್ಳಿ. ಇವತ್ತಿಗೂ ಗ್ರೀಸಿನಲ್ಲಿ ನೆರಾಂಜಿ ಅಂದರೆ ಕಹಿ ಹಣ್ಣೇ.

ಎರಡನೇ ಸಲ ಬಂದದ್ದು ಸಿಹಿ ಜಾತಿ, 15–16ನೇ ಶತಮಾನದಲ್ಲಿ. ಅದನ್ನು ಹರಡಿದವರಲ್ಲಿ ಪೋರ್ಚುಗೀಸ್ ವ್ಯಾಪಾರಿಗಳೇ ಮುಂದು. ಹಳೆ ಹೆಸರಿನ ಹಣ್ಣು ಆಗಲೇ ಕಹಿ ಅಂತ ಊರಿಗೆಲ್ಲ ಗೊತ್ತು. ಹೊಸದಕ್ಕೆ ಹೊಸ ಹೆಸರು ಬೇಕಾಯಿತು. ಕೆಲವರು ಹಣ್ಣು ಹುಟ್ಟಿದ ನಾಡಿನ ಹೆಸರಿಟ್ಟರು (ಚೀನಾ), ಕೆಲವರು ಮಾರಿದವರ ನಾಡಿನ ಹೆಸರಿಟ್ಟರು (ಪೋರ್ಚುಗಲ್). ಸ್ಪೇನ್, ಇಟಲಿ, ಫ್ರಾನ್ಸಿನವರು ತಲೆ ಕೆಡಿಸಿಕೊಳ್ಳದೆ ಹಳೇ ಹೆಸರನ್ನೇ ಹೊಸ ಹಣ್ಣಿಗೂ ಹಚ್ಚಿದರು.

ಹಾಗಾಗಿ ಅಪ್‌ಫೆಲ್‌ಜ಼ೀನಕ್ಕೂ ಪೊರ್ತೊಕಾಲಿಗೂ ನಾರಂಗಕ್ಕೂ ನೆಂಟಸ್ತಿಕೆ ಇಲ್ಲ. ಪೊಮರಾಂಚಕ್ಕೆ ಇದೆ. ಅದು ಇಟಾಲಿಯನ್ ‘ಪೊಮೊ’ (ಹಣ್ಣು, ಸೇಬು) ಮತ್ತು ‘ಅರಾಂಚ’ ಸೇರಿ ಆದದ್ದು.

ಹ್ಯಾಂಬರ್ಗ್_ಕನ್ನಡಿಗ
ಚೀನಾ ಗುಂಪಿನ ವಿವರ. ಅಪ್‌ಫೆಲ್ = ಸೇಬು, ಜ಼ೀನ = ಚೀನಾದ ಹಳೆಯ ರೂಪ. ಡಚ್‌ನಲ್ಲಿ ಅದನ್ನೇ ತಿರುಗಿಸಿ ಸೀನಾಸ್ + ಅಪಲ್. ಹಡಗಿನ ಸರಕು ಆಮ್‌ಸ್ಟರ್‌ಡಾಮ್, ಹ್ಯಾಂಬರ್ಗ್ ಬಂದರಿಗೆ ಇಳಿಯುತ್ತಿತ್ತು. ಆದ್ದರಿಂದ ಹೆಸರೂ ಬಡಗಣ ಕಡಲಿನ ಸುತ್ತಲೇ ಹರಡಿತು: ಸ್ವೀಡಿಷ್ ಅಪೆಲ್ಸೀನ್, ಡೇನಿಷ್ ಮತ್ತು ನಾರ್ವೇಜಿಯನ್ ಅಪೆಲ್ಸೀನ್, ಫಿನ್ನಿಷ್ ಅಪ್ಪೆಲ್ಸೀನಿ, ಲಿಥುವೇನಿಯನ್ ಅಪೆಲ್ಸಿನಸ್, ರಷ್ಯನ್ ಅಪೆಲ್ಸಿನ್. ಭೂಪಟದಲ್ಲಿ ಬಣ್ಣ ಹಚ್ಚಿ ನೋಡಿದರೆ ಭಾಷಾಕುಟುಂಬದ ಗಡಿ ಕಾಣುವುದಿಲ್ಲ, ಬಂದರುಗಳ ಸಾಲು ಕಾಣುತ್ತದೆ. ಫಿನ್ನಿಷ್ ಇಂಡೋ-ಯುರೋಪಿಯನ್ ಕೂಡ ಅಲ್ಲ.

ಜರ್ಮನಿಯೊಳಗೆ ಇಬ್ಭಾಗ ಇದೆ. ಬಡಗಿನಲ್ಲಿ ಅಪ್‌ಫೆಲ್‌ಜ಼ೀನ, ತೆಂಕಲಲ್ಲೂ ಆಸ್ಟ್ರಿಯಾದಲ್ಲೂ ಒರಾಂಜ಼. ಎರಡೂ ಎಲ್ಲರಿಗೂ ಅರ್ಥವಾಗುತ್ತವೆ. ಆದರೆ ರಸಕ್ಕೆ ಬಂದಾಗ ಅಂಗಡಿ ಡಬ್ಬಿಯ ಮೇಲೆ ಬಹುಪಾಲು ‘ಒರಾಂಜ಼ೆನ್‌ಜ಼ಾಫ್ಟ್’ ಎಂದೇ ಇರುತ್ತದೆ. ಬೆಲ್ಜಿಯಂ ಕಡೆಯ ಡಚ್‌ನಲ್ಲಿ ‘ಅಪಲ್‌ಸೀನ್’ ಎಂಬ ಇನ್ನೊಂದು ರೂಪ ಕೇಳಿಸುತ್ತದೆ.

‘ಅಪ್‌ಫೆಲ್’ ಕಂಡ ತಕ್ಷಣ ಸೇಬು ಎಂದು ಬರೆಯಬೇಡಿ. ಹೊಸ ಹಣ್ಣು ಕಂಡಾಗಲೆಲ್ಲ ಅವರು ‘ಆ ಊರಿನ ಸೇಬು’ ಎಂದೇ ಕರೆದದ್ದು. ಡಚ್ಚರು ಆಲೂಗಡ್ಡೆಗೂ ‘ನೆಲದ ಸೇಬು’ ಎಂದರು, ಇಟಲಿಯವರು ಟೊಮೆಟೊಗೆ ‘ಚಿನ್ನದ ಸೇಬು’ ಎಂದರು.

ಧಾರವಾಡದ_ಮಾತು
ಇದರಾಗ ಅಚ್ಚರಿ ಏನೂ ಇಲ್ರಿ. ನಾವು ಹೊರಗಿಂದ ಬಂದದ್ದಕ್ಕೆಲ್ಲ ‘ಸೀಮೆ’ ಹಚ್ಚಿದ್ವಿ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಅಕ್ಕಿ. ಅವರು ಚೀನಾ ಸೇಬು ಅಂದ್ರು. ಲೆಕ್ಕ ಒಂದೇ.

ಅಂದಹಾಗೆ ಪೋರ್ಟೊರಿಕೊದ ಸ್ಪ್ಯಾನಿಷ್‌ನಾಗ ಈ ಹಣ್ಣಿಗೆ ಬರೇ ‘ಚೀನಾ’ ಅಂತಾರ. ಸೇಬು ಉದುರಿ ಹೋಗಿ ದೇಶ ಮಾತ್ರ ಉಳೀತು. ‘ಹೂಗೊ ದೆ ಚೀನಾ’ ಅಂದ್ರ ಕಿತ್ತಳಿ ರಸ, ಚೀನಾದ ರಸ ಅಲ್ಲ.

ಆದ್ರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ‘ನ’ ಬಿದ್ದದ್ದು ಎಲ್ಲಿ?

ನುಡಿಜಾಡು
ಇಂಗ್ಲಿಷಿನಲ್ಲಂತೂ ಅಲ್ಲ. ಹಳೆ ಫ್ರೆಂಚ್‌ನಿಂದ 14ನೇ ಶತಮಾನದ ಕೊನೆಯ ಸುಮಾರಿಗೆ ಇಂಗ್ಲಿಷಿಗೆ ಬರುವಾಗಲೇ ಅದು ‘ಒರೆಂಜ್’ ಆಗಿತ್ತು, ‘ನ’ ಇರಲಿಲ್ಲ. ಕಳಚಿದ್ದು ಅದಕ್ಕೂ ಮೊದಲು, ಇಟಲಿ-ಫ್ರಾನ್ಸ್ ಕಡೆ.

ಯಾಂತ್ರಿಕತೆ ಸರಳ. ಇಟಾಲಿಯನ್‌ನಲ್ಲಿ ‘ಒಂದು’ ಎಂಬುದಕ್ಕೆ ‘ಉನ’. ಉನ + ನರಾಂಚ ಎಂದು ಬೇಗ ಹೇಳಿದರೆ ಎರಡು ‘ನ’ ಹತ್ತಿರ ಹತ್ತಿರ ಬರುತ್ತವೆ. ಕೇಳುವವನಿಗೆ ‘ಉನ್ ಅರಾಂಚ’ ಎಂದು ಕೇಳಿಸುತ್ತದೆ. ಪದದ ‘ನ’ ಹಿಂದಿನ ಪದದ ಖಾತೆಗೆ ಹೋಯಿತು. ಕನ್ನಡದಲ್ಲಿ ಇಂಥ ಉಪಪದ (ನಾಮಪದದ ಮುಂದೆ ಬರುವ ‘ಉನ’, ‘ಎ’ಯಂಥ ಪುಟ್ಟ ಪದ) ಇಲ್ಲದ್ದರಿಂದ ನಮಗೆ ಇದು ವಿಚಿತ್ರ ಅನಿಸುತ್ತದೆ.

ಇಂಗ್ಲಿಷಿನಲ್ಲಿ ಇದೇ ಕಳವು ನಿಜವಾಗಿ ನಡೆದ ಪದಗಳು ಬೇರೆ: ‘ನೇಪ್ರನ್’ ಹೋಗಿ ‘ಏಪ್ರನ್’ ಆದದ್ದು (ನ್ಯಾಪ್‌ಕಿನ್‌ನಲ್ಲಿ ಆ ‘ನ’ ಇನ್ನೂ ಇದೆ), ‘ನಾಡರ್’ ಹೋಗಿ ‘ಆ್ಯಡರ್’ ಆದದ್ದು (ಜರ್ಮನ್‌ನಲ್ಲಿ ಹಾವಿಗೆ ಇಂದಿಗೂ ‘ನಾಟರ್’), ‘ನಂಪೈರ್’ ಹೋಗಿ ‘ಅಂಪೈರ್’ ಆದದ್ದು. ತಿರುಗುಮುರುಗಾಗಿಯೂ ನಡೆದಿದೆ: ‘ಆ್ಯನ್ ಈಕ್‌ನೇಮ್’ ಎಂಬುದೇ ‘ಎ ನಿಕ್‌ನೇಮ್’ ಆದದ್ದು. ಈ ಸಾಲಿಗೆ ಆರೆಂಜನ್ನೂ ತುರುಕಿದ್ದರಿಂದಲೇ ‘ಎ ನಾರೆಂಜ್’ ಕಥೆ ಹುಟ್ಟಿದ್ದು.

ಸ್ಪ್ಯಾನಿಷ್‌ನಲ್ಲೂ ‘ಉನ ನರಾಂಹ’ ಇದೆ, ಆದರೂ ಅಲ್ಲಿ ‘ನ’ ಗಟ್ಟಿಯಾಗಿ ನಿಂತಿತು. ಇಂಥ ಬದಲಾವಣೆ ಆಗಬಹುದು ಎಂದು ಹೇಳಬಹುದೇ ಹೊರತು ಆಗಲೇಬೇಕು ಎಂದು ಹೇಳಲಾಗದು.

ಪದಗಂಟು
ಪೋರ್ಚುಗೀಸ್‌ನಲ್ಲಿ ‘ನ’ ಹೋಗಿ ‘ಲ’ ಬಂದದ್ದು ಹೇಗೆ? ಅದೂ ಉಪಪದದ ಆಟವೆ?

ನುಡಿಜಾಡು
ಅಲ್ಲ, ಅದು ಬೇರೆ ರೋಗ. ಒಂದೇ ಪದದಲ್ಲಿ ಎರಡು ಅನುನಾಸಿಕ ಬಂದಾಗ ನಾಲಿಗೆ ಒಂದನ್ನು ಬದಲಿಸಿಕೊಳ್ಳುತ್ತದೆ: ನ…ನ ಇದ್ದದ್ದು ಲ…ನ. ಕನ್ನಡದಲ್ಲೇ ಇದರ ಜೋಡಿ ಇದೆ. ನಿಂಬೆ, ಲಿಂಬೆ. ಎರಡೂ ಬಳಕೆಯಲ್ಲಿವೆ.

ಧಾರವಾಡದ_ಮಾತು
ಹೌದ್ರಿ, ನಮ್ಮ ಕಡೆ ಲಿಂಬಿಹಣ್ಣೇ. ‘ನಿಂಬೆ’ ಅಂದ್ರ ಬೆಂಗಳೂರು ಕಡೆಯವ್ರು ಅಂತ ಗೊತ್ತಾಗತದ.

ಹಳಗನ್ನಡದ_ಹುಳು
ಮೂಲದ ಕಡೆಗೆ ಬರೋಣ. ಸಂಸ್ಕೃತ ‘ನಾರಂಗ’ವೇ ದ್ರಾವಿಡದಿಂದ ಎರವಲು ಎಂಬುದು ಬಹುಮಂದಿ ಒಪ್ಪಿದ ಮಾತು. ತಮಿಳಿನಲ್ಲಿ ನಾರತ್ತೈ, ಮಲಯಾಳದಲ್ಲಿ ನಾರಙ್ಙ (ಮರ ನಾರಕಂ; ಚೆರುನಾರಙ್ಙ ಅಂದರೆ ನಮ್ಮ ನಿಂಬೆ).

ಆದರೆ ಜಾಲದಲ್ಲಿ ಇದರ ಜೊತೆಗೇ ಓಡಾಡುವ ಇನ್ನೊಂದು ಮಾತನ್ನು ಹಾಗೇ ನಂಬಬೇಡಿ: ‘ನಾರು ಅಂದರೆ ಕಂಪು, ಆದ್ದರಿಂದ ನಾರಂಗ ಅಂದರೆ ಕಂಪಿನ ಕಾಯಿ’. ಹೊಸಗನ್ನಡದ ಕಿವಿಗೆ ಇದು ಸಲೀಸಾಗಿ ಒಪ್ಪಿಬಿಡುತ್ತದೆ, ಏಕೆಂದರೆ ನಾವು ಎರಡು ‘ರ’ಗಳನ್ನು ಒಂದು ಮಾಡಿಕೊಂಡಿದ್ದೇವೆ. ಹಳಗನ್ನಡದಲ್ಲಿ ವಾಸನೆಯ ‘ನಾಱು’ ಬೇರೆ, ಅದರಲ್ಲಿ ಶಕಟರೇಫ (ಱ). ನಱುಗಂಪು ಎಂಬಲ್ಲಿಯೂ ಅದೇ ಱ. ಬಾಳೆಯ ‘ನಾರು’ ಬೇರೆ, ಅದರಲ್ಲಿ ಸಾದಾ ರ.

ತಮಿಳು, ಮಲಯಾಳಗಳು ಈ ಭೇದವನ್ನು ಇವತ್ತಿಗೂ ಬರೆದು ತೋರಿಸುತ್ತವೆ. ತಮಿಳಿನ ನಾಱು (ನಾತ) ಱಕಾರದ್ದು, ನಾರತ್ತೈ ರಕಾರದ್ದು. ಮಲಯಾಳದ ನಾಱ್ಱಂ ಱಕಾರದ್ದು, ನಾರಙ್ಙ ರಕಾರದ್ದು. ಎರಡು ಭಾಷೆಯೂ ಒಂದೇ ಸಾಕ್ಷಿ ಹೇಳುತ್ತಿರುವಾಗ ಕಂಪಿನ ಕಥೆಗೆ ಕಾಲಿಲ್ಲ. ಪದ ತೆಂಕಣದ್ದು ಎನ್ನುವುದು ಒಂದು ಮಾತು, ‘ಕಂಪು’ ಎಂಬ ಅರ್ಥ ಇನ್ನೊಂದು ಮಾತು. ಮೊದಲನೆಯದನ್ನು ಒಪ್ಪಲು ಎರಡನೆಯದು ಬೇಕಾಗಿಲ್ಲ.

ಸಂಜೆಗಾಳಿ
ಆನೆ ಕಥೆ ಯಾರೂ ಹೇಳಲಿಲ್ಲ! ‘ನಾಗ’ ಅಂದರೆ ಆನೆ, ಒಂದು ಆನೆ ಈ ಹಣ್ಣು ತಿಂದೂ ತಿಂದೂ ಹೊಟ್ಟೆ ಒಡೆದು ಸತ್ತಿತು, ಆದ್ದರಿಂದ ‘ನಾಗರಂಗ’ ಅಂದರೆ ‘ಆನೆಯ ಅಜೀರ್ಣ’ ಅಂತ ಇಂಗ್ಲಿಷ್ ಪುಟಗಳಲ್ಲಿ ಗಂಭೀರವಾಗಿ ಬರೆದಿದ್ದಾರೆ.

ಹಳಗನ್ನಡದ_ಹುಳು
ಸಂಸ್ಕೃತದಲ್ಲಿ ‘ನಾಗರಂಗ’ ಎಂಬ ಪರ್ಯಾಯ ಇರುವುದು ಹೌದು. ಆದರೆ ‘ರಂಗ’ಕ್ಕೆ ಅಜೀರ್ಣ ಎಂಬ ಅರ್ಥ ಯಾವ ಕಾಲಕ್ಕೂ ಇಲ್ಲ. ಪರಕೀಯ ಪದ ಬಾಯಿಗೆ ಬಂದಾಗ ಅದರೊಳಗೆ ಗೊತ್ತಿರುವ ಪದ ಕಾಣುವ ಚಾಳಿ ಸಂಸ್ಕೃತಕ್ಕೂ ಇತ್ತು, ಲ್ಯಾಟಿನ್ನಿಗೂ ಇತ್ತು. ಲ್ಯಾಟಿನ್ ಬರೆಯುವವರು ಇದೇ ಪದದಲ್ಲಿ ‘ಔರುಮ್’ (ಚಿನ್ನ) ಕಂಡು ‘ಔರಾಂಟಿಯುಮ್’ ಎಂದು ಬರೆದರು. ಸಸ್ಯಶಾಸ್ತ್ರದ ಸಿಟ್ರಸ್ ಔರಾಂಟಿಯಮ್ ಅಲ್ಲಿಂದ ಬಂದದ್ದು. ಆನೆಗೆ ಅಜೀರ್ಣ ಆಯಿತೋ ಬಿಟ್ಟಿತೋ, ಪಂಡಿತರಿಗಂತೂ ಚಿನ್ನ ಸಿಕ್ಕಿತು.

ಪದಗಂಟು
ಹಾಗಾದರೆ ಫ್ರೆಂಚ್ ರೂಪದಲ್ಲಿ ಮೊದಲಿನ ‘ಅ’ ಹೋಗಿ ‘ಒ’ ಆದದ್ದಕ್ಕೂ ಚಿನ್ನವೇ ಕಾರಣವೆ? ಅಥವಾ ಒರಾಂಜ಼್ ಎಂಬ ಊರೆ?

ನುಡಿಜಾಡು
ಎರಡನ್ನೂ ಹೇಳುತ್ತಾರೆ, ಎರಡೂ ಒಟ್ಟಿಗೆ ಕೆಲಸ ಮಾಡಿರಬಹುದು. ಹಳೆ ಫ್ರೆಂಚ್‌ನಲ್ಲಿ ಇದು ‘ಪಮ್ ದೊರೆಂಜ್’. ಇಟಾಲಿಯನ್ ‘ಮೆಲರಾಂಚ’ದ (ಮೆಲ = ಸೇಬು) ಪಡಿಯಚ್ಚು. ಫ್ರೆಂಚ್‌ನಲ್ಲಿ ಚಿನ್ನಕ್ಕೆ ‘ಒರ್’. ಅದಕ್ಕೆ ಸರಿಯಾಗಿ ಈ ಹಣ್ಣಿನ ಸರಕು ಬಡಗಣಕ್ಕೆ ಹೋಗುವ ದಾರಿಯಲ್ಲಿ ಒರಾಂಜ಼್ ಎಂಬ ಊರೂ ಇತ್ತು.

ಊರಿನ ಹೆಸರಿಗೂ ಹಣ್ಣಿಗೂ ಹುಟ್ಟಿನ ಸಂಬಂಧ ಇಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ತೆಂಕಣ ಫ್ರಾನ್ಸಿನ ಆ ಊರು ರೋಮನ್ನರ ಕಾಲದಲ್ಲಿ ‘ಅರೌಸಿಯೊ’. ಕೆಲ್ಟಿಕ್ ಜಲದೇವತೆಯೊಬ್ಬನ ಹೆಸರು. ಕ್ರಿ.ಪೂ. 105ರಲ್ಲಿ ರೋಮನ್ನರು ಅಲ್ಲಿ ದೊಡ್ಡ ಸೋಲು ಉಂಡಿದ್ದರು. ಅಂದರೆ ಹಣ್ಣಿನ ಹೆಸರು ಯುರೋಪಿಗೆ ಬರುವ ಸಾವಿರ ವರ್ಷ ಮೊದಲೇ ಊರಿಗೆ ಹೆಸರಿತ್ತು. ಎರಡು ಬೇರೆ ಪದಗಳು ಸವೆದು ಸವೆದು ಒಂದೇ ಆಕಾರಕ್ಕೆ ಬಂದವು, ಅಷ್ಟೇ.

ಮುಂದೆ ಆ ಕಾಕತಾಳೀಯವೇ ರಾಜಕೀಯವಾಯಿತು. 1544ರಲ್ಲಿ ಶಾಲೋನ್‌ನ ರೆನೆ ಮಕ್ಕಳಿಲ್ಲದೆ ಸತ್ತಾಗ ಒರಾಂಜ಼್ ಸಂಸ್ಥಾನ ಅವನ ದಾಯಾದಿ, 11 ವರ್ಷದ ನಸಾವ್ ವಿಲ್ಲೆಮ್‌ಗೆ ಹೋಯಿತು. ಅವನೇ ಮುಂದೆ ಸ್ಪೇನ್ ವಿರುದ್ಧ ಡಚ್ಚರ ದಂಗೆಯ ನಾಯಕ. ಸಂಸ್ಥಾನ 1713ರಲ್ಲಿ ಫ್ರಾನ್ಸಿನ ಪಾಲಾದರೂ ಬಿರುದು, ಬಣ್ಣ ಎರಡೂ ಡಚ್ ರಾಜಮನೆತನದಲ್ಲಿ ಉಳಿದವು. ಅದೇ ಮನೆತನದ ಮೂರನೇ ವಿಲಿಯಂ ಇಂಗ್ಲೆಂಡಿನ ದೊರೆಯಾಗಿ 1690ರಲ್ಲಿ ಬಾಯ್ನ್ ಕಾಳಗ ಗೆದ್ದ. ಐರ್ಲೆಂಡಿನ ಪ್ರಾಟೆಸ್ಟೆಂಟರ ಸಂಘ ‘ಆರೆಂಜ್ ಆರ್ಡರ್’ (1795) ಹೆಸರಿನಲ್ಲಿ ಇರುವುದು ಅವನು, ಹಣ್ಣಲ್ಲ. ಅನುವಾದದಲ್ಲಿ ಅದನ್ನು ‘ಕಿತ್ತಳೆ ಸಂಘ’ ಎಂದು ಬರೆದರೆ ಜಲದೇವತೆಯ ಊರು ಹಣ್ಣಿನಂಗಡಿ ಆಗಿಬಿಡುತ್ತದೆ.

ಹ್ಯಾಂಬರ್ಗ್_ಕನ್ನಡಿಗ
ಡಚ್‌ನಲ್ಲಿ ಇದರಿಂದ ಒಂದು ಅನುಕೂಲ ಆಗಿದೆ. ಹಣ್ಣು ಸೀನಾಸ್‌ಅಪಲ್; ಬಣ್ಣ, ರಾಜಮನೆತನ, ಫುಟ್‌ಬಾಲ್ ತಂಡ ಮೂರೂ ‘ಒರಾಂಯೆ’. ಗೊಂದಲಕ್ಕೆ ಜಾಗವೇ ಇಲ್ಲ. ವಿಲ್ಲೆಮ್‌ನ ಗೌರವಕ್ಕಾಗಿ ಡಚ್ಚರು ಕೇಸರಿ ಬಣ್ಣದ ಗಜ್ಜರಿ ಬೆಳೆಸಿದರು ಎಂಬ ಕಥೆ ಇದರ ಜೊತೆ ಬಂದೇ ಬರುತ್ತದೆ. ಆ ಕಾಲದ ದಾಖಲೆಯಲ್ಲಿ ಅದಕ್ಕೆ ಆಧಾರ ಇಲ್ಲ.

ಇಸ್ತಾಂಬುಲ್_ಚಹಾ
ಪೋರ್ಚುಗಲ್ ಗುಂಪಿಗೆ ನನ್ನ ಸೇರ್ಪಡೆ. ಗ್ರೀಕ್ ಪೊರ್ತೊಕಾಲಿ, ಬಲ್ಗೇರಿಯನ್ ಪೊರ್ತೊಕಾಲ್, ರೊಮೇನಿಯನ್ ಪೊರ್ತೊಕಾಲ, ಅಲ್ಬೇನಿಯನ್ ಪೊರ್ತೊಕಾಲ್, ತುರ್ಕಿ ಪೊರ್ತಕಾಲ್, ಜಾರ್ಜಿಯನ್ ಫೊರ್ತೊಖಾಲಿ. ಆಚೆಗೆ ಅರಬ್ಬಿ ಬುರ್ತುಕಾಲ್, ಪರ್ಷಿಯನ್ ಪೊರ್ತೆಗಾಲ್. ನೇಪಲ್ಸ್, ಸಿಸಿಲಿ ಕಡೆಯ ಆಡುಮಾತಿನಲ್ಲೂ ‘ಪುರ್ತುವಾಲ್ಲೊ’ದಂಥ ರೂಪಗಳಿವೆ. ಪರ್ಷಿಯನ್‌ನಲ್ಲಿ ದೇಶಕ್ಕೂ ಹಣ್ಣಿಗೂ ಉಚ್ಚಾರ ಒಂದೇ, ಬರೆಯುವಾಗ ಒಂದು ಅಕ್ಷರ ಬೇರೆ.

ಪರ್ಷಿಯನ್ ಪದಕ್ಕೆ ಆದದ್ದು ನೋಡಿ: ‘ನಾರಂಗ್’ ಕೊಟ್ಟ ಭಾಷೆಯೇ ಸಿಹಿ ಹಣ್ಣಿಗೆ ಪೋರ್ಚುಗಲ್ ಹೆಸರನ್ನು ವಾಪಸು ತಂದುಕೊಂಡಿತು. ಹಳೆಯದು ಕಹಿ ಹಣ್ಣಿಗೂ ಬಣ್ಣಕ್ಕೂ (ನಾರೆಂಜಿ) ಉಳಿಯಿತು. ತುರ್ಕಿಯಲ್ಲೂ ಹೀಗೇ, ಹಣ್ಣು ಪೊರ್ತಕಾಲ್, ಬಣ್ಣ ತುರುಂಜು. ಆ ತುರುಂಜು ‘ತುರುಂಚ್’ ಎಂಬ ಕಹಿ ಹಣ್ಣಿನಿಂದ ಬಂತು. ಅದಕ್ಕೂ ನಾರಂಗಕ್ಕೂ ಸಂಬಂಧ ಇಲ್ಲ. ಪರ್ಷಿಯನ್ ತುರಂಜ್ ಅಂದರೆ ಮಾದಲದ ಜಾತಿ. ಕ್ಯಾಟಲನ್ನರ ‘ತರೋಂಜ’ ಈ ಮಾದಲದ ಬಳ್ಳಿಯದು, ಪಕ್ಕದ ಸ್ಪ್ಯಾನಿಷ್‌ನ ನರಾಂಹದ್ದಲ್ಲ. ಪ್ರಾಸ ನೋಡಿ ಮೋಸ ಹೋಗುವ ಜಾಗ ಇದು. ಸ್ಪ್ಯಾನಿಷ್ ‘ತೊರೋಂಹ’ ಅದೇ ಪದ, ಆದರೆ ಅರ್ಥ ದ್ರಾಕ್ಷಿಹಣ್ಣೂ ಅಲ್ಲ ಕಿತ್ತಳೆಯೂ ಅಲ್ಲ, ಗ್ರೇಪ್‌ಫ್ರೂಟ್.

ಗ್ರೀಕ್ ಬರೆಯುವವರಿಗೆ: ಪೊರ್ತೊಕಾಲಿ ಹಣ್ಣು, ಪೊರ್ತೊಕಲೀ ಬಣ್ಣ. ಒತ್ತು ಜಾರಿದರೆ ಅರ್ಥ ಜಾರುತ್ತದೆ.

ಸಂಜೆಗಾಳಿ
ಪೊಮರಾಂಚ, ಪೊಮೆರಾನೆತ್ಸ್ ಎಲ್ಲ ನೋಡಿದರೆ ನಮ್ಮ ಬೀದಿಯ ‘ಪೊಮೇರಿಯನ್’ ನಾಯಿ ನೆನಪಾಗುತ್ತಿದೆ. ಅದೂ ಕಿತ್ತಳೆ ಬಣ್ಣದ್ದೇ ಇರುತ್ತೆ ಬೇರೆ!

ಹ್ಯಾಂಬರ್ಗ್_ಕನ್ನಡಿಗ
ಚೆನ್ನಾಗಿ ಬಿದ್ದಿರಿ ಹಳ್ಳಕ್ಕೆ. ನಾಯಿಯದ್ದು ಪೊಮೆರಾನಿಯಾ ಎಂಬ ಬಾಲ್ಟಿಕ್ ಕರಾವಳಿಯ ಸೀಮೆ. ಸ್ಲಾವಿಕ್ ‘ಪೊ ಮೊರ್ಯೆ’, ಕಡಲ ಬದಿ. ಹಣ್ಣಿನದ್ದು ಪೊಮೊ + ಅರಾಂಚ. ಜರ್ಮನ್ ‘ಪೊಮೆರಾಂತ್ಸ’, ಸ್ವೀಡಿಷ್ ‘ಪುಮೆರಾನ್ಸ್’, ರಷ್ಯನ್ ‘ಪೊಮೆರಾನೆತ್ಸ್’ ಮೂರೂ ಇವತ್ತು ಕಹಿ ಜಾತಿಗೆ ಮಾತ್ರ. ಆದರೆ ಪೋಲಿಷ್ ಪೊಮರಾಂಚ, ಚೆಕ್ ಪೊಮೆರಾಂಚ್, ಸ್ಲೊವೇನಿಯನ್ ಪೊಮರಾಂಚ ಸಿಹಿ ಹಣ್ಣೇ. ಒಂದೇ ಪದ ಗಡಿ ದಾಟಿದ ಕೂಡಲೇ ರುಚಿ ಬದಲಾಯಿಸುತ್ತದೆ. ಅಡುಗೆ ಪಾಕ ಅನುವಾದಿಸುವವರು ಇಲ್ಲಿ ಎಚ್ಚರ ತಪ್ಪಿದರೆ ಸ್ವೀಡನ್ನಿನ ಕ್ರಿಸ್‌ಮಸ್ ರೊಟ್ಟಿಗೆ ಬೇಕಾದ ಕಹಿ ಸಿಪ್ಪೆ ಬಿಟ್ಟು ಸಿಹಿ ಹಣ್ಣಿನ ಸಿಪ್ಪೆ ಹಾಕಿಸುತ್ತಾರೆ. ಕಹಿಯೇ ಇಲ್ಲದ ರೊಟ್ಟಿ ಆಗುತ್ತದೆ.

ಉಕ್ರೇನಿನಲ್ಲಿ ಹಣ್ಣಿಗೆ ಹೆಚ್ಚಾಗಿ ಅಪೆಲ್ಸಿನ್, ಬಣ್ಣಕ್ಕೆ ಪೊಮರಾಂಚೆವಿ. 2004ರ ‘ಆರೆಂಜ್ ಕ್ರಾಂತಿ’ ಅಲ್ಲಿ ‘ಪೊಮರಾಂಚೆವ’ ಕ್ರಾಂತಿ.

ತೋಟಗಾರ
ಮೂರನೇ ಪ್ರಶ್ನೆ ಎಲ್ಲರೂ ಮರೆತಂತಿದೆ. ‘ಕಿತ್ತಳೆ’ ಸಾಲದು. ಕಾರಣ ಭಾಷೆಯಲ್ಲಿಲ್ಲ, ಸಿಪ್ಪೆಯಲ್ಲಿದೆ.

ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆ ಎರಡೂ ಮ್ಯಾಂಡರಿನ್ ಜಾತಿ, ಸಿಟ್ರಸ್ ರೆಟಿಕ್ಯುಲೇಟ. ಸಿಪ್ಪೆ ಸಡಿಲ, ಉಗುರಲ್ಲಿ ಬಿಡಿಸಬಹುದು, ತೊಳೆ ತಾನಾಗಿ ಬಿಡುತ್ತದೆ. ಯುರೋಪಿನವರು ಆರೆಂಜ್ ಅನ್ನುವುದು ಸಿಟ್ರಸ್ ಸೈನೆನ್ಸಿಸ್. ಸಿಪ್ಪೆ ತಿರುಳಿಗೆ ಅಂಟಿರುತ್ತದೆ, ಚಾಕು ಬೇಕು. ನಮ್ಮಲ್ಲಿ ಆ ಜಾತಿಯ ಹಣ್ಣು ಮೋಸಂಬಿ, ಸಾತ್‌ಗುಡಿ. ತೋಟಗಾರಿಕೆಯ ಪಟ್ಟಿಯಲ್ಲಿ ಅವು ‘ಸ್ವೀಟ್ ಆರೆಂಜ್’ ಎಂದೇ ಇರುತ್ತವೆ. ಹೀಗಾಗಿ ಸ್ಪೇನಿನ ಪಾಕದಲ್ಲಿ ‘ಎರಡು ನರಾಂಹ ಹಿಂಡಿ’ ಎಂದಿದ್ದರೆ ಕೊಡಗಿನ ಕಿತ್ತಳೆಗಿಂತ ಮೋಸಂಬಿ ಜಾತಿಯಲ್ಲಿ ಹತ್ತಿರ. ಬಣ್ಣ, ಹುಳಿ ಮಾತ್ರ ಕಡಿಮೆ ಬೀಳುತ್ತದೆ, ಸ್ವಲ್ಪ ನಿಂಬೆರಸ ಕೂಡಿಸಬೇಕಾಗುತ್ತದೆ.

ಇನ್ನು ‘ಮ್ಯಾಂಡರಿನ್’ ಪದ. ಸಂಸ್ಕೃತ ಮಂತ್ರಿನ್, ಮಲಯ್ ಭಾಷೆಯ ಮೆಂತೆರಿ, ಪೋರ್ಚುಗೀಸ್ ಮಂದರಿಂ. ಚೀನಾದ ಅಧಿಕಾರಿಗಳಿಗೆ ಪೋರ್ಚುಗೀಸರು ಕರೆದ ಹೆಸರು, ಅದು ಹಣ್ಣಿಗೆ ಅಂಟಿತು. ಹಣ್ಣಿನಂಗಡಿಯಲ್ಲಿ ಕೂತಿರುವುದು ನಮ್ಮ ಮಂತ್ರಿಯೇ.

ಧಾರವಾಡದ_ಮಾತು
ಮೋಸಂಬಿ ಅಂದ್ರ ಮೊಜಾಂಬಿಕ್‌ನಿಂದ ಬಂದದ್ದು, ಸಂತ್ರಾ ಅಂದ್ರ ಪೋರ್ಚುಗಲ್‌ನ ಸಿಂತ್ರಾ ಊರಿಂದು ಅಂತ ಓದಿದ್ದು ಅದ. ಎರಡೂ ಖರೇ ಏನ್ರಿ?

ನುಡಿಜಾಡು
ಮೋಸಂಬಿ-ಮೊಜಾಂಬಿಕ್ ಎಲ್ಲರೂ ಒಪ್ಪುವ ವಿವರಣೆ, ಪೋರ್ಚುಗೀಸ್ ಹಡಗುಗಳ ದಾರಿಗೂ ಹೊಂದುತ್ತದೆ. ಸಿಂತ್ರಾ ಕಥೆ ಮಾತ್ರ ಕಷ್ಟ. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498. ಬಾಬರ್ ಸತ್ತದ್ದು 1530. ಅವನು ಹಿಂದುಸ್ತಾನದ ಹಣ್ಣುಗಳನ್ನು ಬಣ್ಣಿಸುವಾಗ ‘ಸಂಗ್‌ತರಾ’ ಎಂಬ ಹೆಸರು ಆಗಲೇ ಬರುತ್ತದೆ. ಮೂವತ್ತೆರಡು ವರ್ಷದೊಳಗೆ ಒಂದು ಪೋರ್ಚುಗೀಸ್ ಊರಿನ ಹೆಸರು ಕರಾವಳಿಯಿಂದ ಆಗ್ರಾಕ್ಕೆ ಹೋಗಿ, ಈ ಆಕಾರಕ್ಕೆ ಬದಲಾಗಿ, ಊರ ಮಾತಾಗಿಬಿಟ್ಟಿತು ಎಂದು ನಂಬುವುದು ಹೇಗೆ? ಎರಡು ಪದ ಒಂದೇ ಥರ ಕೇಳಿಸುವುದು ಸಾಕ್ಷಿಯಲ್ಲ. ಇಸವಿ ಮೊದಲು ನೋಡಬೇಕು.

ಹಳಗನ್ನಡದ_ಹುಳು
ಕಿತ್ತಳೆಯನ್ನೂ ಬಿಡಿಸಿಬಿಡೋಣ. ಹಳಗನ್ನಡದಲ್ಲಿ ‘ಈಳೆ’ ಎಂದರೆ ನಿಂಬೆ-ಕಿತ್ತಳೆ ಜಾತಿಯ ಗಿಡ. ಕಿಱು (ಸಣ್ಣ) + ಈಳೆ = ಕಿತ್ತೀಳೆ, ಸವೆದು ಕಿತ್ತಿಳೆ, ಕಿತ್ತಳೆ. ಸ್ವರದ ಮುಂದೆ ಕಿಱು ಎಂಬುದು ‘ಕಿತ್ತ್’ ಆಗುವುದು ನಿಯಮ: ಕಿಱು + ಅಡಿ = ಕಿತ್ತಡಿ. ಪೇರ್ (ದೊಡ್ಡ) + ಈಳೆ = ಪೇರೀಳೆ, ಅದೇ ಇಂದಿನ ಹೇರಳೆ. ಉಪ್ಪಿನಕಾಯಿಗೆ ಹಾಕುವ ಹೇರಳೆಕಾಯಿ ದೊಡ್ಡಣ್ಣ, ಕಿತ್ತಳೆ ತಮ್ಮ. ನಾರಂಗವನ್ನು ಜಗತ್ತಿಗೆ ಕೊಟ್ಟ ದ್ರಾವಿಡ ಸಂಸಾರದಲ್ಲಿ ಕನ್ನಡದವರು ಅಡುಗೆಮನೆಗೆ ಇನ್ನೊಂದೇ ಪದ ಇಟ್ಟುಕೊಂಡರು.

ಸಂಜೆಗಾಳಿ
ಬಣ್ಣದ ಮಾತು ಬಂತಲ್ಲ. ಹಣ್ಣು ಬರುವ ಮೊದಲು ಇಂಗ್ಲೆಂಡಿನಲ್ಲಿ ಈ ಬಣ್ಣಕ್ಕೆ ಏನನ್ನುತ್ತಿದ್ದರು?

ನುಡಿಜಾಡು
ಹಳೆ ಇಂಗ್ಲಿಷಿನಲ್ಲಿ ‘ಹಳದಿಗೆಂಪು’ ಎಂಬ ಅರ್ಥದ ಜೋಡುಪದ ಇತ್ತು. ಸಾಮಾನ್ಯವಾಗಿ ‘ಕೆಂಪು’ ಎಂದೇ ಮುಗಿಸುತ್ತಿದ್ದರು. ರಾಬಿನ್ ಹಕ್ಕಿಯ ಎದೆ ಕಿತ್ತಳೆ ಬಣ್ಣ, ಹೆಸರು ಮಾತ್ರ ‘ರೆಡ್‌ಬ್ರೆಸ್ಟ್’. ನಮ್ಮ ಕೆಂಚಳಿಲನ್ನು ಯಾರೂ ಕಿತ್ತಳೆ ಅಳಿಲು ಅನ್ನುವುದಿಲ್ಲವಲ್ಲ, ಹಾಗೆ. ಬಣ್ಣದ ಹೆಸರಾಗಿ ‘ಆರೆಂಜ್’ 16ನೇ ಶತಮಾನದಲ್ಲಿ ಬರುತ್ತದೆ. ಸ್ವೀಡಿಷ್‌ನಲ್ಲಿ ಹಳೆಯ ಪದ ‘ಬ್ರಾಂಡ್‌ಗೂಲ್’, ಬೆಂಕಿಹಳದಿ. ಐಸ್‌ಲ್ಯಾಂಡಿನವರು ಇಂದಿಗೂ ‘ಅಪ್ಪೆಲ್ಸೀನ-ಹಳದಿ’ ಎನ್ನುತ್ತಾರೆ.

ಹ್ಯಾಂಬರ್ಗ್_ಕನ್ನಡಿಗ
ಬಣ್ಣದ ಪದಗಳಲ್ಲಿ ಕಲಿಯುವವರು ಎಡವುವ ಜಾಗ ಇವು. ಫ್ರೆಂಚ್‌ನಲ್ಲಿ ಒರಾಂಜ಼್ ಬಣ್ಣವಾದಾಗ ಬಹುವಚನದ ‘ಸ್’ ಸೇರಿಸಬಾರದು, ಅದು ಮೂಲದಲ್ಲಿ ನಾಮಪದ. ಇಟಾಲಿಯನ್‌ನಲ್ಲಿ ಹಣ್ಣು ಅರಾಂಚ (ಸ್ತ್ರೀಲಿಂಗ), ಮರ ಅರಾಂಚೊ (ಪುಲ್ಲಿಂಗ), ಬಣ್ಣ ಅರಾಂಚೋನೆ. ಹಣ್ಣಿನ ಬಹುವಚನ ಅರಾಂಚೆ, ಬರೆಯುವಾಗ ‘ಇ’ ಬಿಟ್ಟುಬಿಡಬೇಕು. ಇಟಲಿಯ ಸಂತೆಯ ಹಲಗೆಗಳಲ್ಲೇ ಆ ‘ಇ’ ಸೇರಿಸಿ ತಪ್ಪಾಗಿ ಬರೆದಿರುತ್ತಾರೆ. ಜರ್ಮನ್‌ನಲ್ಲಿ ಬಣ್ಣಕ್ಕೆ ವಿಭಕ್ತಿ ಹಚ್ಚದಿರುವುದು ವ್ಯಾಕರಣದ ದಾರಿ, ‘ಒರಾಂಜ಼್‌ಫಾರ್ಬೆನ್’ ಎಂದು ಸುತ್ತಿ ಹೇಳಿದರೆ ಜಗಳವಿಲ್ಲ. ರಷ್ಯನ್‌ನಲ್ಲಿ ‘ಒಂದು ಕಿಲೊ ಅಪೆಲ್ಸಿನೊಫ್’ ಎನ್ನುವುದು ಪುಸ್ತಕದ ರೂಪ. ಅಂಗಡಿಯಲ್ಲಿ ಆ ‘ಒಫ್’ ಬಿಟ್ಟು ಬರೇ ಅಪೆಲ್ಸಿನ್ ಅನ್ನುವುದೇ ಹೆಚ್ಚು.

ಪದಗಂಟು
ಎಲ್ಲರಿಗೂ ನಮಸ್ಕಾರ. ಪಟ್ಟಿಯಲ್ಲಿ ಹೀಗೆ ಬರೆದರೆ ಸರಿಯೆ?
ನರಾಂಹ, ಲರಾಂಜ಼, ಅರಾಂಚ, ಒರಾಂಜ಼್, ನರಂಚ್: ಸಿಹಿ ಕಿತ್ತಳೆ, ಮೂಲ ನಾರಂಗ.
ಅಪ್‌ಫೆಲ್‌ಜ಼ೀನ, ಸೀನಾಸ್‌ಅಪಲ್, ಅಪೆಲ್ಸಿನ್: ಸಿಹಿ ಕಿತ್ತಳೆ, ಮೂಲ ‘ಚೀನಾ ಸೇಬು’.
ಪೊರ್ತೊಕಾಲಿ, ಪೊರ್ತಕಾಲ್: ಸಿಹಿ ಕಿತ್ತಳೆ, ಮೂಲ ಪೋರ್ಚುಗಲ್.
ಪೊಮರಾಂಚ (ಪೋಲಿಷ್), ಪೊಮೆರಾಂಚ್ (ಚೆಕ್): ಸಿಹಿ. ಪೊಮೆರಾಂತ್ಸ, ಪುಮೆರಾನ್ಸ್, ಪೊಮೆರಾನೆತ್ಸ್, ನೆರಾಂಜಿ: ಕಹಿ ಕಿತ್ತಳೆ.
ತರೋಂಜ (ಕ್ಯಾಟಲನ್): ಸಿಹಿ ಕಿತ್ತಳೆ, ಮೂಲ ತುರಂಜ್.
ಬರೇ ‘ಕಿತ್ತಳೆ’ ಎಂಬುದನ್ನು ಮ್ಯಾಂಡರಿನ್‌ಗೆ ಉಳಿಸಿಕೊಂಡಿದ್ದೇನೆ.

ತೋಟಗಾರ
ಸರಿಯಾಗಿದೆ. ಮೊದಲ ಮೂರು ಸಾಲಿಗೆ ‘ಮೋಸಂಬಿ ಜಾತಿ’ ಎಂದು ಒಂದು ಮಾತು ಸೇರಿಸಿದರೆ ಅಡುಗೆ ಮಾಡುವವರಿಗೂ ಉಪಯೋಗ.

ನುಡಿಜಾಡು
ಇನ್ನೊಂದು ಸಾಲು. ಡಚ್‌ನ ಮಗಳು ಆಫ್ರಿಕಾನ್ಸ್ ಭಾಷೆ ಸೀನಾಸ್‌ಅಪಲನ್ನು ಕೈಬಿಟ್ಟಿದೆ. ಅಲ್ಲಿ ಸಿಹಿ ಕಿತ್ತಳೆಗೆ ‘ಲೆಮೂನ್’, ನಿಂಬೆಗೆ ‘ಸೂರ್‌ಲೆಮೂನ್’ (ಹುಳಿ ಲೆಮೂನ್). ಸಿಪ್ಪೆ ಸಡಿಲವಿರುವ ಮ್ಯಾಂಡರಿನ್‌ಗೆ ಒಂದು ಬೇರೆ ಪದ ಇದೆ, ನಾರ್ಕಿ, ನಾರ್ಚಿ ಎಂದೆಲ್ಲ ಕೇಳಿಸುತ್ತದೆ. ಅದು ತಮಿಳಿನ ನಾರತ್ತೈ. 1652ರಲ್ಲಿ ಡಚ್ಚರು ಆಫ್ರಿಕಾದ ತೆಂಕಣ ತುದಿಯ ಕೇಪಿನಲ್ಲಿ ನೆಲೆ ಹಾಕಿದ ಮೇಲೆ ಪೂರ್ವದ ಹಡಗುದಾರಿಯಲ್ಲಿ ಹೋದದ್ದು. ಪರ್ಷಿಯನ್, ಅರಬ್ಬಿ, ಇಟಾಲಿಯನ್ ಯಾರ ಕೈಗೂ ಸಿಗದೆ ನೇರ ತಲುಪಿದ್ದರಿಂದ ಮೊದಲಿನ ‘ನಾ’ ಅಲ್ಲಿ ಹಾಗೇ ಇದೆ. ಅದನ್ನು ನಿಮ್ಮ ‘ಕಿತ್ತಳೆ’ ಸಾಲಿಗೆ ಹಾಕಿ. ಮತ್ತೆ ಆಫ್ರಿಕಾನ್ಸ್ ಪುಟದಲ್ಲಿ ಲೆಮೂನ್ ಕಂಡರೆ ನಿಂಬೆ ಅಂತ ಬರೆದುಬಿಡಬೇಡಿ.